ಅತ್ತೆಗೆ ಜ್ವರವಿರಲಿಲ್ಲ

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ಮೇಲೆ ಸಿಟ್ಟು ಬರುತ್ತದೆ.

ಪೆರಂಬೂರಿನ ಚರ್ಚಿನಲ್ಲಿ ನಮ್ಮ ಕನ್ನಡ ಆರಾಧನೆ ಭಾನುವಾರ ಮಧ್ಯಾಹ್ನ ನಡೆಯುತ್ತಿತ್ತು. ಅಂದು ಅಜ್ಜಿಯ ರೇಷ್ಮೆ ಸೀರೆಗೆ ಅದೇ ವಾಸನೆ. ಕೆಲಸಕ್ಕೆ ಹೋದ ಸ್ಟೆಲ್ಲಾ ಅತ್ತೆ ಎರಡು ದಿನದಿಂದ ಮನೆಗೆ ಬಂದಿರಲಿಲ್ಲ. ಹಾರ್ಮೋನಿಯಂ ನುಡಿಸುವ ಡೇವಿಡ್ ಜೊತೆ ಓಡಿಹೋಗಿದ್ದಾಳೆ ಅಂದುಕೊಂಡು ಅಪ್ಪ ಪೊಲೀಸರಿಗೂ ಹೇಳಿರಲಿಲ್ಲ. ಆದರೆ ಡೇವಿಡ್ ಹಾರ್ಮೋನಿಯಂ ಮುಂದೆಯೇ ಕೂತಿದ್ದ. ಅವನನ್ನು ನೋಡಿದ ಮೇಲೂ ಅಪ್ಪ ಎದ್ದು, "ತಂಗಿಗೆ ಜ್ವರ, ಎಲ್ಲರೂ ಪ್ರಾರ್ಥನೆ ಮಾಡಿ" ಅಂದರು. ದೇವರ ಮನೆಯಲ್ಲಿ ನಿಂತು ಹಾಗಂದರು.

ಡೇವಿಡ್ ಎದ್ದ. "ಜ್ವರ ಇಲ್ಲ ಸಾರ್, ಅವಳು ಕಾಣ್ತಿಲ್ಲ. ಸ್ಟೇಷನ್ನಿಗೆ ಹೋಗಿದ್ದೆ. ಮನೆಯವರೇ ಬಂದು ಕಂಪ್ಲೇಂಟ್ ಕೊಡಬೇಕಂತೆ."

"ಕೂತ್ಕೋ, ನಮ್ಮ ಮರ್ಯಾದೆ ತೆಗೀಬೇಡ" ಎಂದರು ಅಪ್ಪ.

ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದು ಡೇವಿಡ್ ಕಡೆ ತಿರುಗಿದಳು.

"ನಡಿ ತಂಬಿ, ಸ್ಟೇಷನ್ನಿಗೆ ನಾನು ಬರ್ತೀನಿ. ಆಮೆನ್ ದಾರೀಲಿ ಹೇಳೋಣ."