ಕಂಡಕ್ಟರನ ಮುಂದಿನ ಹಲ್ಲು

"ನಿಮ್ಮನ್ನ ಮೊದಲು ಎಲ್ಲೋ ನೋಡಿದೀನಲ್ವಾ, ಡಾಕ್ಟ್ರೇ?" ಎಂದು ಕಂಡಕ್ಟರ್ ಕೇಳಿದ.

"ಬಾಯಿ ತೆಗೀರಿ," ಎಂದ ದಂತವೈದ್ಯ.

ತೆಗೆದ ಬಾಯಿಗೆ ಹತ್ತಿ ತುರುಕಿದ. ಪ್ರಶ್ನೆ ಅಲ್ಲಿಗೆ ನಿಂತಿತು. ವೈದ್ಯನಿಗೆ ಮಾತ್ರ ಗುರುತು ಸಿಕ್ಕಿತ್ತು. ಇಪ್ಪತ್ತು ವರ್ಷ ಕಳೆದರೂ ಮರೆಯುವ ಮುಖವೇ ಅದು?

ಶಾಲೆಯಲ್ಲಿ ವೈದ್ಯನ ಹಲ್ಲು ಮುಂದಕ್ಕೆ ಚಾಚಿದ್ದವು. 'ತುರಿಮಣೆ' ಎಂದು ಹೆಸರಿಟ್ಟವನು ಈ ಕಂಡಕ್ಟರನೇ. ಹೆಸರು ತರಗತಿಯಿಂದ ಬೀದಿಗೆ, ಬೀದಿಯಿಂದ ಮನೆಬಾಗಿಲಿಗೆ ಬಂತು. ನಾಟಕದಲ್ಲಿ ರಾಜನ ಪಾತ್ರ ಸಿಕ್ಕಿ, ಹುಡುಗ ಕಿರೀಟ ಇಟ್ಟುಕೊಂಡು ರಂಗಕ್ಕೆ ಕಾಲಿಟ್ಟಾಗ ಹಿಂದಿನ ಸಾಲಿನಿಂದ ಇವನ ಗಂಟಲು ಕೇಳಿಸಿತು: "ತುರಿಮಣೆ ಮಹಾರಾಜರಿಗೆ ಜಯವಾಗಲಿ!" ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಅಮ್ಮ ಒಬ್ಬಳೇ ತಲೆ ತಗ್ಗಿಸಿದಳು. ರಾಜ ಮಾತು ಮರೆತ. ಆವತ್ತಿನಿಂದ ನಗುವಾಗ ಅಂಗೈ ಬಾಯಿಗೆ ಅಡ್ಡ. ದೊಡ್ಡವನಾಗಿ ಹಲ್ಲು ನೇರ ಮಾಡಿಸಿಕೊಂಡ. ಆ ಕೈ ಮಾತ್ರ ಕೆಳಗಿಳಿಯಲಿಲ್ಲ.

ಈಗ ಅದೇ ಗಂಟಲು, ಬೆಳಕಿನ ಕೆಳಗೆ, ಅವನೆದುರು ಆ ಎಂದು ತೆರೆದುಕೊಂಡಿತ್ತು. ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಿದಾಗ ಕಂಬಿಗೆ ಬಡಿದು ಮುಂದಿನ ಹಲ್ಲು ಅರ್ಧ ಮುರಿದಿತ್ತು. ಸೀಟಿ ಊದಿದರೆ ಬರೀ ಗಾಳಿ.

"ಇನ್ನು ಮೂರು ತಿಂಗಳಿಗೆ ನನ್ನ ಮದುವೆ ಇದೆ," ಎಂದ ಕಂಡಕ್ಟರ್, ಹತ್ತಿ ತೆಗೆದ ಮೇಲೆ. "ಅಷ್ಟರೊಳಗೆ ಆಗುತ್ತಾ?"

ನಾಲ್ಕು ಸಲ ಬಂದರೆ ಮುಗಿಯುವ ಕೆಲಸ.

"ನೋಡೋಣ," ಎಂದ ವೈದ್ಯ. "ಹಲ್ಲಿನ ವಿಷಯ. ಅವಸರ ಮಾಡಬಾರದು."

ಹೊರಕೋಣೆಯ ಮೇಜಿನ ಹಿಂದೆ ಕೂತಿದ್ದ ಹುಡುಗಿ, ಅವನು ಮತ್ತೆ ಬರಬೇಕಾದ ದಿನ ಬರೆದುಕೊಟ್ಟಳು. ಎರಡು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದವಳು ಅವಳು. ಅವಳ ಮದುವೆಯೂ ಗೊತ್ತಾಗಿತ್ತು, ವೈದ್ಯನ ಜೊತೆಗೇ. ವೈದ್ಯ ಅವಳ ಅಪ್ಪನನ್ನು ಕೇಳಿದ್ದ. ಅಪ್ಪ ಸಂತೋಷಪಟ್ಟಿದ್ದರು. ಅವಳು 'ಹೂಂ' ಎಂದಿದ್ದಳು.

ವೈದ್ಯ ಸೇಡನ್ನು ಹಲ್ಲು ಕೊರೆದಷ್ಟೇ ನಾಜೂಕಾಗಿ ತೀರಿಸಿಕೊಳ್ಳತೊಡಗಿದ. ಅಚ್ಚು ಸರಿಬರಲಿಲ್ಲ ಎಂದ. ಬಣ್ಣ ಹೊಂದಲಿಲ್ಲ ಎಂದ. ತಾತ್ಕಾಲಿಕ ಕ್ಯಾಪನ್ನು ಎಷ್ಟು ಸಡಿಲವಾಗಿ ಅಂಟಿಸಿದನೆಂದರೆ, ತನಗೆ ಗೊತ್ತಾಗಿದ್ದ ಹೆಣ್ಣಿನ ಮನೆಯವರ ಎದುರು ಕಂಡಕ್ಟರ್ ಸೀನಿದಾಗ ಅದು ಹಾರಿ ಕಾಫಿ ಲೋಟಕ್ಕೆ ಬಿತ್ತು. ಮರಗಟ್ಟಿಸುವ ಮದ್ದು ಹತ್ತುವ ಮೊದಲೇ ಕೊರೆಯಲು ಶುರುಮಾಡುತ್ತಿದ್ದ. ಕಂಡಕ್ಟರ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಎಲ್ಲ ನುಂಗಿಕೊಳ್ಳುತ್ತಿದ್ದ.

"ಡಾಕ್ಟ್ರೇ, ನಿಮ್ಹತ್ರ ಒಂದು ಮಾತು..." ಎಂದು ಪ್ರತಿ ಸಲವೂ ಬಾಯಿ ತೆರೆಯುತ್ತಿದ್ದ. ತೆರೆದ ತಕ್ಷಣ ಹತ್ತಿ.

ಏಳನೆಯ ಸಲ ಅವನು ಹೋದ ಮೇಲೆ ಹುಡುಗಿ ಒಳಗೆ ಬಂದಳು. "ಒಂದು ಹಲ್ಲಿಗೆ ಇನ್ನೂ ಎಷ್ಟು ಸಲ, ಡಾಕ್ಟ್ರೇ? ಪಾಪ, ಡ್ಯೂಟಿ ಬಿಟ್ಟು ಬಂದು ಗಂಟೆಗಟ್ಟಲೆ ಕೂತಿರ್ತಾರೆ."

ವೈದ್ಯನಿಗೆ ತಡೆಯಲಾಗಲಿಲ್ಲ. ನಾಟಕದ ಕಥೆ ಪೂರ್ತಿ ಹೇಳಿದ. "ಅವನ ಮದುವೆ ನಿಲ್ಲೋವರೆಗೂ ಕೂರಿಸ್ತೀನಿ. ಮಾಡಿದ್ದುಣ್ಣೋ ಮಹರಾಯ ಅಂತ."

ಅವಳು ಕುರ್ಚಿಯ ಬಳಿ ಬಿದ್ದಿದ್ದ ಹತ್ತಿ ಎತ್ತಿ ಬುಟ್ಟಿಗೆ ಹಾಕಿದಳು. "ಆಗಲಿ," ಎಂದಳು. "ನೀವು ಹಿಡಿದ ಕೆಲಸ ಬಿಡೋರಲ್ಲ."

ಮೆಚ್ಚಿಕೊಂಡಳು ಎಂದುಕೊಂಡ ವೈದ್ಯ.

ಅಂದಿನಿಂದ ಕಂಡಕ್ಟರ್ ಮುಖ ಗಂಟಿಕ್ಕುವುದೂ ನಿಂತಿತು. ಹೇಳಿದ ಹೊತ್ತಿಗಿಂತ ಮೊದಲೇ ಬಂದು ಹೊರಗೆ ಕೂರುತ್ತಿದ್ದ. 'ಇನ್ನೊಂದು ಸಲ ಬರಬೇಕು' ಎಂದರೆ, 'ಅದಕ್ಕೇನಂತೆ' ಎನ್ನುತ್ತಿದ್ದ. ಮೆತ್ತಗಾದ, ದಾರಿಗೆ ಬಂದ ಎಂದು ವೈದ್ಯ ಒಳಗೊಳಗೇ ಹಿಗ್ಗಿದ.

ಹತ್ತನೆಯ ಸಲ ಸುದ್ದಿ ಬಂತು.

"ಆ ಮದುವೆ ನಿಂತುಹೋಯ್ತು, ಡಾಕ್ಟ್ರೇ."

ವೈದ್ಯ ಎತ್ತಿದ ಹತ್ತಿಯನ್ನು ಕೆಳಗಿಟ್ಟ. "ಹಲ್ಲಿನಿಂದಾನಾ?"

"ಹೂಂ. ಒಂಥರಾ ಹಲ್ಲಿನಿಂದಾನೇ."

ಸಂಜೆ ವೈದ್ಯ ತನ್ನ ಮದುವೆಗೆ ಅತಿ ಚೆಂದದ ಕೋಟಿನ ಬಟ್ಟೆ ಆರಿಸಿದ. ದರ್ಜಿಯ ಕನ್ನಡಿಯೆದುರು ಹಲ್ಲು ಬಿಟ್ಟು ನೋಡಿಕೊಂಡ.

ಹನ್ನೊಂದನೆಯ ಸಲ ಹಲ್ಲು ಕೂರಿಸಿದ. ಗೆದ್ದವನ ಔದಾರ್ಯದಿಂದ ಮಾಡಿದ ಮುತ್ತಿನಂಥ ಹಲ್ಲು; ಯಾವುದು ಹುಟ್ಟಿದ್ದು ಯಾವುದು ಇಟ್ಟದ್ದು ಎಂದು ಹೇಳಲಾಗದು. ಕನ್ನಡಿ ಕೊಟ್ಟು, ಕುರ್ಚಿಯ ಮೇಲೆ ಬಾಗಿ, ಇಪ್ಪತ್ತು ವರ್ಷದಿಂದ ಕಾದಿಟ್ಟ ಮಾತು ಆಡಿದ.

"ನಾನು ಯಾರು ಗೊತ್ತಾ? ತುರಿಮಣೆ."

"ಗೊತ್ತು," ಎಂದ ಕಂಡಕ್ಟರ್ ಮೆಲ್ಲಗೆ. "ಮೊದಲನೇ ದಿನವೇ ಗೊತ್ತಾಯ್ತು. ನಿಮ್ಮ ಅಮ್ಮ ಆವತ್ತು ತಲೆ ತಗ್ಗಿಸಿದ್ದು ನಾನೂ ನೋಡಿದ್ದೆ. ತಪ್ಪಾಯ್ತು ಅನ್ನೋಕೆ ಪ್ರತಿ ಸಲ ಬಾಯಿ ತೆಗೆದೆ. ನೀವು ಹತ್ತಿ ಇಟ್ರಿ."

"ನಿನ್ನ ತಪ್ಪಾಯ್ತು ನೀನೇ ಇಟ್ಕೋ. ನಿನ್ನ ಮದುವೆ ಮುರೀತಲ್ಲ, ನನಗೆ ಅಷ್ಟು ಸಾಕು!"

ವೈದ್ಯ ನಕ್ಕ. ಕೈ ಅಡ್ಡ ಇಡದೆ, ಬಾಯಿ ತುಂಬ, ಗೋಡೆ ಅದುರುವ ಹಾಗೆ ನಕ್ಕ.

ಬಾಗಿಲು ತೆರೆಯಿತು. ಹೆಗಲಿಗೆ ಚೀಲ ಹಾಕಿಕೊಂಡು ಹುಡುಗಿ ನಿಂತಿದ್ದಳು.

"ರೀ, ಬನ್ನಿ. ಅಪ್ಪ ಕಾಯ್ತಿದ್ದಾರೆ."

ಮೊದಲ ಸಲ 'ರೀ' ಎಂದಳಲ್ಲ ಎಂದು ವೈದ್ಯ ಉಬ್ಬಿದ. "ಬಂದೆ, ಬಂದೆ," ಎನ್ನುತ್ತ ಕೈಗವಸು ಕಿತ್ತ.

"ನಿಮ್ಮನ್ನಲ್ಲ, ಡಾಕ್ಟ್ರೇ," ಎಂದಳು ಅವಳು.