ಬಾಟಲಿಯೊಳಗಿನ ಶೇಂಗಾ ಗಿಡ

ಶೇಂಗಾ ಬೇಳೆಯಿಂದ ಮೊಳಕೆಯ ಕುಡಿಯನ್ನು ಕಿತ್ತು ತೆಗೆದು, ಬರಿಯ ಬೇಳೆಯ ಚೂರನ್ನು ಬಾಟಲಿಯಲ್ಲಿಟ್ಟು, ಅದರಿಂದ ಹೊಸ ಗಿಡ ಎಬ್ಬಿಸುವುದು ಆ ಪ್ರಯೋಗಾಲಯದ ಕೆಲಸ. ಅದೇ ವಿದ್ಯೆಯಿಂದ ಹೆಸರು ಮಾಡಿದ ಪ್ರೊಫೆಸರರಿಗೆ ಹೊಸ ವಿದ್ಯಾರ್ಥಿನಿಯ ಹನ್ನೆರಡು ಬಾಟಲಿಗಳನ್ನು ಕಂಡೊಡನೆ ಮೈ ಉರಿಯಿತು. ಎಲ್ಲದರಲ್ಲೂ ಗಿಡ ಎದ್ದಿತ್ತು. ಅವರು ಚಿಮಟದಿಂದ ಒಂದನ್ನು ಎಳೆದು, ಸತ್ತ ಹಲ್ಲಿಯಂತೆ ಎಲ್ಲರೆದುರು ಎತ್ತಿ ಹಿಡಿದರು.

"ಕುಡಿ ಹಂಗೇ ಬಿಟ್ಟೀಯಲ್ಲವ್ವಾ! ಇದು ಚೂರಿನಿಂದ ಹುಟ್ಟಿದ್ದಲ್ಲ, ಬರೇ ಕಾಳು ಮೊಳತೈತಿ. ಹಸಿ ಅರಿವ್ಯಾಗ ಕಟ್ಟಿಟ್ಟು ನಮ್ಮವ್ವನೂ ಎರಡು ದಿನದಾಗ ಎಬ್ಬಸ್ತಿದ್ದಳು. ಆಕಿಗೂ ಒಂದು ಡಾಕ್ಟರೇಟ್ ಕೊಡೂಣೇನು?"

ಉಳಿದ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಆ ನಗು ಪ್ರೊಫೆಸರರಿಗೆ ಹಿತವಾಯಿತು.

"ಗ್ರಂಥಾಲಯದಾಗಿನ ಹಳೇ ಪಿಎಚ್‌ಡಿ ಪ್ರಬಂಧದಾಗ ಬರದಂಗ ಮಾಡೇನ್ರಿ ಸರ್. ಒಂದಕ್ಷರ ಬದಲು ಮಾಡಿಲ್ಲ" ಎಂದಳು ಹುಡುಗಿ.

"ಯಾವ ಕತ್ತೆ ಬರದಿದ್ದು? ಕುಡಿ ಯಾವುದು, ಬೇಳೆ ಯಾವುದು ಗೊತ್ತಿಲ್ಲದವನಿಗೆ ಡಿಗ್ರಿ ಕೊಟ್ಟವರು ಯಾರು? ತಗೊಂಡು ಬಾ ಇಲ್ಲಿ!"

"ಬ್ಯಾಡ್ರಿ ಸರ್."

"ತಾ ಅಂದೆ! ಇವತ್ತೇ ಪತ್ರ ಬರದು ಅವನ ಡಿಗ್ರಿ ಕಸಗೊಳ್ಳಾಕ ಹಚ್ಚತೀನಿ. ನೀವೆಲ್ಲಾರೂ ಸಾಕ್ಷಿ."

ಹುಡುಗಿ ಗ್ರಂಥಾಲಯಕ್ಕೆ ಹೋಗಿ ಕೆಂಪು ರಟ್ಟಿನ ಹಳೆಯ ಪ್ರಬಂಧವೊಂದನ್ನು ತಂದಳು. ಸೆರಗಿನಿಂದ ಧೂಳು ಒರೆಸಿ ಮೇಜಿನ ಮೇಲಿಟ್ಟಳು.

"ಮೂವತ್ತೊಂದನೇ ಪುಟ ನೋಡ್ರಿ ಸರ್. ಬರದವರು ನೀವ."