ಪುಟದಿಂದ ಜಾರಿದ ಫೋಟೊ

ನೆರೆಯಲ್ಲಿ ಬದುಕುಳಿದವರ ಫೋಟೊಗಳೆಲ್ಲ ಒಮ್ಮೆಗೇ ತೆರೆದುಕೊಳ್ಳುತ್ತಿದ್ದುದರಿಂದ ಪರಿಹಾರ ಕೇಂದ್ರದ ವೆಬ್‌ಸೈಟ್ ಪದೇಪದೇ ನಿಂತುಹೋಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಗುರುಪಾದ ಅವು ಪುಟಪುಟವಾಗಿ ಬರುವಂತೆ ಮಾಡಿದ. ಮಧ್ಯಾಹ್ನ ಶಿವಲೀಲಾ ಏದುಸಿರು ಬಿಡುತ್ತ ಪರಿಹಾರ ಕೇಂದ್ರಕ್ಕೆ ಬಂದಳು.

"ನನ್ನ ಗಂಡನ ಫೋಟೊ ಮುಂಜಾನೆ ಫೋನಿನಾಗ ನೋಡೀನ್ರಿ. ಮೂರನೇ ಪುಟದಾಗ ಇತ್ತು. ಈಗ ಇಲ್ಲ!"

"ಮನೀಗೆ ಹೋದವರ ಫೋಟೊ ತೆಗದ್ರ ಉಳಿದವು ಹಿಂದಿನ ಪುಟಕ್ಕ ಸರೀತಾವ್ರಿ. ಅಲ್ಲೇ ಇರತೈತಿ, ನೋಡೋಣು."

ಅಲ್ಲಿರಲಿಲ್ಲ. ಯಾವ ಪುಟದಲ್ಲೂ ಇರಲಿಲ್ಲ. ತನ್ನ ತಪ್ಪಿನಿಂದ ಒಬ್ಬ ಮನುಷ್ಯನೇ ಕಾಣೆಯಾದನೇ ಎಂದು ಗುರುಪಾದ ಗಾಬರಿಯಾದ. ಎಲ್ಲರ ವಿವರವಿದ್ದ ಡೇಟಾಬೇಸನ್ನೇ ತೆರೆದು, ಅವಳ ಗಂಡನ ಹೆಸರು ಕೇಳಿ ಹುಡುಕಿದ. ಸಿಕ್ಕಿತು.

"ಹೆದರಬ್ಯಾಡ್ರಿ ಅಕ್ಕಾರ, ಆರಾಮ್ ಅದಾರ!" ಪರದೆಯಿಂದ ಕಣ್ಣು ತೆಗೆಯದೆ ಅವನು ಖುಷಿಯಿಂದ ಓದಿದ. "ಈಗ ತಾಸಿನ ಹಿಂದ ಅವರ ಹೆಂಡತಿ ಬಂದು ಮನೀಗೆ ಕರ್ಕೊಂಡು ಹೋಗ್ಯಾರ."